ಚಿತ್ತವಾಡ್ಗಿಯ ಸೀಮೆಯಲ್ಲಿ ಕಾಯಕವೂ ಸಂತೆಬೀದಿಯೂ

ಶಿವಶರಣರ ಕಾಯಕತತ್ತ್ವವನ್ನು ಕುರಿತು ಕನ್ನಡದಲ್ಲಿ ಬರೆಯಲಾಗಿರುವಷ್ಟು ಬೇರೆ ಯಾವ ಶರಣತತ್ತ್ವವನ್ನು ಕುರಿತೂ ಪ್ರಾಯಶಃ ಬರೆಯಲಾಗಿಲ್ಲ. 1923ರಲ್ಲಿ ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ವು ಬೆಳಕು ಕಂಡಂದಿನಿಂದ ಇಂದಿನವರೆಗೆ ನೇಯುವ, ಹೊಸೆಯುವ, ಹೆಣೆಯುವ, ಹೊಲಿಯುವ ಶರಣರ ಹೆಸರುಗಳು ಉಪನ್ಯಾಸಗಳಲ್ಲಿಯೂ ಗ್ರಂಥಗಳಲ್ಲಿಯೂ ಮತ್ತೆ ಮತ್ತೆ ಕೇಳಿಬರುತ್ತಲೇ ಇವೆ. ಆದರೆ ಹೊಸೆದ ಹಗ್ಗ ಎಲ್ಲಿ ಮಾರಾಟವಾಯಿತು, ಅದನ್ನು ಕೊಂಡವರು ಯಾರು, ಬೆಲೆಯನ್ನು ಗೊತ್ತುಮಾಡಿದವರು ಯಾರು ಎಂಬ ಪ್ರಶ್ನೆಗಳನ್ನು ಕೇಳಿದವರು ವಿರಳ. ಕಾಯಕವು ಕೈಯಲ್ಲಿ ಮೊದಲಾಗುತ್ತದೆ, ನಿಜ. ಅದು ಮುಗಿಯುವುದು ಸಂತೆಯಲ್ಲಿ. ಅಲ್ಲಿ ದೊರೆತ ಕಾಸಿನಿಂದಲೇ ದಾಸೋಹ ನಡೆಯಬೇಕು. ಈ ಎರಡನೆಯ ಅರ್ಧವನ್ನು ಬಿಟ್ಟು ಮೊದಲನೆಯ ಅರ್ಧವನ್ನಷ್ಟೇ ಕೊಂಡಾಡುವುದರಿಂದ ತತ್ತ್ವವು ಹಗುರವಾಗಿ ತೋರುವ ಅಪಾಯವಿದೆ.

ಶರಣರಿಗೆ ಈ ಮಾತು ತಿಳಿದೇ ಇದ್ದಿತು. ಶೂನ್ಯಸಂಪಾದನೆಯ ಮೂಲಕ ಪ್ರಸಿದ್ಧವಾದ ನುಲಿಯ ಚಂದಯ್ಯನ ಪ್ರಸಂಗವನ್ನು ನೆನೆಯಬಹುದು. ಚಂದೇಶ್ವರಲಿಂಗವೆಂಬ ಅಂಕಿತದಲ್ಲಿ ವಚನಗಳನ್ನು ರಚಿಸಿದ ಈ ಶರಣನದು ಹುಲ್ಲನ್ನು ಕೊಯ್ದು ತಂದು ಹಗ್ಗ ಹೊಸೆದು ಮಾರುವ ಕಾಯಕ. ಹುಲ್ಲು ಕೊಯ್ಯುವಾಗ ಕೊರಳ ಲಿಂಗವು ಜಾರಿ ನೀರಿಗೆ ಬಿದ್ದರೂ ಆತನು ಕಾಯಕವನ್ನು ನಿಲ್ಲಿಸಲಿಲ್ಲ. ಬೆನ್ನಟ್ಟಿ ಬಂದ ಲಿಂಗಕ್ಕೂ ಕಾಯಕವನ್ನೇ ವಿಧಿಸಿ ಹಗ್ಗ ಮಾರಲು ಕಳುಹಿಸಿದನು. ಹೀಗೆ ಮಾರಹೋದಾಗ ಬಸವಣ್ಣನವರ ಮನೆಯಲ್ಲಿ ಸಲ್ಲಬೇಕಾದುದಕ್ಕಿಂತ ಬಹಳ ಹೆಚ್ಚಿನ ಹಣ ದೊರೆಯಿತೆಂದೂ, ಚಂದಯ್ಯನು ಅದನ್ನು ಒಪ್ಪದೆ ಹಗ್ಗಕ್ಕೆ ತಕ್ಕ ಬೆಲೆಯನ್ನಷ್ಟೇ ಬಯಸಿದನೆಂದೂ ಪರಂಪರೆಯ ಕಥೆ ಹೇಳುತ್ತದೆ. ಭಕ್ತಿಯ ಪವಾಡವೆಂದು ಇದನ್ನು ಓದಿ ಮುಂದೆ ಸಾಗುವುದು ವಾಡಿಕೆ. ಸಂತೆಯನ್ನು ಬಲ್ಲವನು ಇದನ್ನು ಬೇರೆಯಾಗಿ ಓದಬಲ್ಲನು. ಕೊಳ್ಳುವವನ ದೊಡ್ಡಸ್ತಿಕೆಯಿಂದ ಬಂದ ಹೆಚ್ಚಳವು ಬೆಲೆಯಲ್ಲ, ದಾನ. ದಾನವನ್ನು ಬೆಲೆಯೆಂದು ಸ್ವೀಕರಿಸಿದೊಡನೆ ಹೊಸೆದವನು ಬೇಡುವವನಾಗುತ್ತಾನೆ. ಚಂದಯ್ಯನು ತಿರಸ್ಕರಿಸಿದ್ದು ಹಣವನ್ನಲ್ಲ, ಆ ಸ್ಥಾನಪಲ್ಲಟವನ್ನು.

ಈ ದೃಷ್ಟಿಯಿಂದ ನೋಡಲು ಹೊಸಪೇಟೆ, ಹಂಪೆ, ಸಂಡೂರು, ಕಂಪ್ಲಿಗಳ ಸೀಮೆಯಷ್ಟು ಅನುಕೂಲವಾದ ನೆಲ ಕರ್ನಾಟಕದಲ್ಲಿ ಇನ್ನೊಂದು ದೊರೆಯುವುದು ಕಷ್ಟ. ಹೊಸಪೇಟೆಗೆ ಹೊಂದಿಕೊಂಡಿರುವ ಚಿತ್ತವಾಡ್ಗಿಯು ಇಂದು ನಗರದ ಒಂದು ಭಾಗವೇ ಆಗಿದ್ದು, 2021ರಿಂದ ವಿಜಯನಗರ ಜಿಲ್ಲೆಯ ಕೇಂದ್ರದೊಳಗೆ ಸೇರಿಹೋಗಿದೆ. ಅಲ್ಲಿ ನಿಂತು ಈಶಾನ್ಯಕ್ಕೆ ನಡೆದರೆ ಹಂಪೆಯ ಬಜಾರುಗಳು, ದಕ್ಷಿಣಕ್ಕೆ ಸಂಡೂರಿನ ಕಬ್ಬಿಣದ ಗುಡ್ಡಗಳು, ಹೊಳೆಯ ಆಚೆಗೆ ಕಿನ್ನಾಳದ ಚಿತ್ರಗಾರರ ಮನೆಗಳು. ನಾಲ್ಕೈದು ಶತಮಾನಗಳ ಕುಶಲಕಾಯಕದ ಚರಿತ್ರೆಯು ಒಂದೆರಡು ದಿನದ ಬಂಡಿಯ ಹಾದಿಯಲ್ಲಿ ಹರಡಿಕೊಂಡಿದೆ.

ವಿಜಯನಗರಕ್ಕಿಂತ ಹಿಂದೆಯೇ ಇಲ್ಲಿ ಕುಶಲಕರ್ಮಿಗೆ ಕಾವ್ಯದಲ್ಲಿ ಸ್ಥಾನ ದೊರೆತಿತ್ತು. ಹಂಪೆಯ ವಿರೂಪಾಕ್ಷನ ಸನ್ನಿಧಿಯಲ್ಲಿದ್ದ ಹರಿಹರನು ಕುಂಬಾರ ಗುಂಡಯ್ಯನನ್ನು ಕುರಿತು ರಗಳೆಯನ್ನು ರಚಿಸಿದನು. ಗುಂಡಯ್ಯನು ಮಡಕೆಯನ್ನು ಬಾರಿಸಿದ ನಾದಕ್ಕೆ ಶಿವನು ಕುಣಿದನೆಂಬುದು ಕಥೆ. ಮಡಕೆಯನ್ನು ಬೆರಳಿನಿಂದ ತಟ್ಟಿ ದನಿ ಕೇಳುವುದು ಅದು ಬಿರುಕಿಲ್ಲದೆ ಚೆನ್ನಾಗಿ ಬೆಂದಿದೆಯೇ ಎಂಬ ಪರೀಕ್ಷೆಗಾಗಿ. ಈಗಲೂ ಸಂತೆಯಲ್ಲಿ ಮಾರುವವನೂ ಕೊಳ್ಳುವವನೂ ಹಾಗೆಯೇ ತಟ್ಟಿ ನೋಡುತ್ತಾರೆ. ಅರಮನೆಯ ವೀಣೆಯನ್ನು ಬಿಟ್ಟು ಆವಿಗೆಯಿಂದ ಬಂದ ದನಿಗೆ ದೇವರನ್ನು ಕುಣಿಸಿದ ಕವಿಯು ಆ ಪರೀಕ್ಷೆಯನ್ನು ಕಣ್ಣಾರೆ ಕಂಡಿರಲೇಬೇಕು.

ಎರಡನೆಯ ದೇವರಾಯನ ಕಾಲಕ್ಕೆ (1424–1446) ಬರುವಾಗ ಈ ನೆಲವು ಸಾಮ್ರಾಜ್ಯದ ರಾಜಧಾನಿ. ಅವನ ದಂಡನಾಯಕನಾಗಿದ್ದ ಲಕ್ಕಣ್ಣ ದಂಡೇಶನು ‘ಶಿವತತ್ತ್ವಚಿಂತಾಮಣಿ’ಯನ್ನು ಬರೆದನು, ಚಾಮರಸನು ‘ಪ್ರಭುಲಿಂಗಲೀಲೆ’ಯನ್ನು ರಚಿಸಿದನು. ಚದುರಿಹೋಗಿದ್ದ ವಚನಗಳನ್ನು ಕಲೆಹಾಕಿ ಜೋಡಿಸುವ ಮಹತ್ಕಾರ್ಯ ನಡೆದದ್ದೂ ಈ ಶತಮಾನದಲ್ಲಿಯೇ. ಅದೇ ದಶಕಗಳಲ್ಲಿ, 1443ರಲ್ಲಿ, ಪಾರಸಿಕ ರಾಯಭಾರಿ ಅಬ್ದುರ್ ರಜಾಕನು ನಗರಕ್ಕೆ ಬಂದನು. ಒಂದೊಂದು ಕಸುಬಿನವರ ಅಂಗಡಿಗಳು ಒಂದಕ್ಕೊಂದು ಹೊಂದಿಕೊಂಡು ಸಾಲಾಗಿದ್ದುವೆಂದು ಅವನು ಬರೆದಿಟ್ಟಿದ್ದಾನೆ. ಮುತ್ತುರತ್ನಗಳನ್ನು ಬಹಿರಂಗವಾಗಿ ಮಾರುತ್ತಿದ್ದರೆಂಬ ಅವನ ಮಾತು ಎಲ್ಲ ಪಠ್ಯಪುಸ್ತಕಗಳಲ್ಲಿಯೂ ಇದೆ. ಕಸುಬಿನವರ ಸಾಲಂಗಡಿಯ ಮಾತನ್ನು ಮಾತ್ರ ಯಾರೂ ಅಷ್ಟಾಗಿ ಎತ್ತಿ ಹೇಳುವುದಿಲ್ಲ. ಚರಿತ್ರೆಯ ದೃಷ್ಟಿಯಿಂದ ರತ್ನಕ್ಕಿಂತ ಇದೇ ಬೆಲೆಯುಳ್ಳದ್ದು. ಒಂದೇ ಕಸುಬಿನ ಹತ್ತು ಅಂಗಡಿಗಳು ಒತ್ತಾಗಿ ಇರುವೆಡೆ ಕಳಪೆ ಸರಕು ಮರೆಯಾಗಿ ಉಳಿಯಲಾರದು, ಒಬ್ಬನೇ ಮನಬಂದ ಬೆಲೆ ಹೇಳಲಾರನು.

ಬೀದಿಗಳಿಗೆ ಸರಕಿನ ಹೆಸರೇ ಇದ್ದಿತೆಂಬುದಕ್ಕೆ ಶಾಸನದ ಆಧಾರವೂ ಉಂಟು. ದೇವರಾಯನು 1426ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಚೈತ್ಯಾಲಯವು ಅಡಕೆ ಮತ್ತು ವೀಳ್ಯದೆಲೆಯ ಅಂಗಡಿಬೀದಿಯಲ್ಲಿ ನಿರ್ಮಿತವಾಯಿತೆಂದು ಅಲ್ಲಿಯ ಸಂಸ್ಕೃತ ಶಾಸನವು ತಿಳಿಸುತ್ತದೆ. ಅದನ್ನೇ ಜನರು ಈಗ ಪಾನ್‌ಸುಪಾರಿ ಬಜಾರು ಎನ್ನುತ್ತಾರೆ. ವಿರೂಪಾಕ್ಷನ ಗೋಪುರದ ಮುಂದಿನ ರಥಬೀದಿ ಸುಮಾರು ಮುಕ್ಕಾಲು ಕಿಲೋಮೀಟರು ಉದ್ದವಾಗಿ ಪೂರ್ವದ ಎದುರುಬಸವಣ್ಣನವರೆಗೂ ಸಾಗುತ್ತದೆ. ಕೃಷ್ಣ, ಅಚ್ಯುತರಾಯ, ವಿಠ್ಠಲ ದೇವಾಲಯಗಳ ಮುಂದೆಯೂ ಇಂಥ ಬೀದಿಗಳಿದ್ದು ಅವುಗಳ ಪಕ್ಕದಲ್ಲಿ ಪುಷ್ಕರಣಿಗಳೂ ಇವೆ. ತೇರು ಎಳೆಯುವ ಬೀದಿಯೇ ಸರಕು ಮಾರುವ ಬೀದಿಯೂ ಆಗಿದ್ದುದು ಆಕಸ್ಮಿಕವಲ್ಲ. ದೇವರ ಉತ್ಸವಕ್ಕೆ ಬಂದ ಜನವೇ ಕುಶಲಕರ್ಮಿಯ ಗಿರಾಕಿ. 1520ರ ಸುಮಾರಿಗೆ ಬಂದ ಪೋರ್ಚುಗೀಸ ಪ್ರವಾಸಿ ಡೊಮಿಂಗೊ ಪಾಯಸನು ನಗರದಲ್ಲಿ ಸಂಜೆಯ ಸಂತೆಯನ್ನೂ ಶುಕ್ರವಾರದ ದೊಡ್ಡ ಸಂತೆಯನ್ನೂ ಕಂಡನು. ಮಗ್ಗದೆರೆಯೇ ಮೊದಲಾದ ತೆರಿಗೆಗಳ ಉಲ್ಲೇಖ ಶಾಸನಗಳಲ್ಲಿ ಹೇರಳವಾಗಿದೆ. ಸಾಮ್ರಾಜ್ಯದ ವೈಭವವೆಂದು ಹೊಗಳುವ ಸಂಪತ್ತಿನ ಒಂದು ಪಾಲು ನೇಕಾರನ ಲಾಳಿಯಿಂದ ಎಳೆದು ತಂದದ್ದೆಂಬುದನ್ನು ಮರೆಯಬಾರದು.

ಈ ಸೀಮೆಯಲ್ಲಿ ಕಾಯಕವೂ ಮಾರುಕಟ್ಟೆಯೂ ಹೇಗೆ ಹೆಣೆದುಕೊಂಡಿದ್ದುವೆಂಬುದಕ್ಕೆ ಅತ್ಯುತ್ತಮವಾದ ನಿದರ್ಶನವು ರತ್ನದ ಅಂಗಡಿಯಲ್ಲಿಲ್ಲ, ಬೆಲ್ಲದ ಕೊಪ್ಪರಿಗೆಯಲ್ಲಿದೆ. ಕೃಷ್ಣದೇವರಾಯನು ಹೊಸಪೇಟೆಯನ್ನು ನಾಗಲಾಪುರವೆಂಬ ಹೆಸರಿನಿಂದ ಕಟ್ಟಿಸಿದ್ದೂ, ತುಂಗಭದ್ರೆಯಿಂದ ಬಸವಣ್ಣ ಕಾಲುವೆಯನ್ನು 1521ರಲ್ಲಿ ತೋಡಿಸಿದ್ದೂ ಒಂದೇ ಯೋಜನೆಯ ಎರಡು ಮುಖಗಳು. ನೀರು ಬಂದೆಡೆ ಕಬ್ಬೂ ಬಾಳೆಯೂ ಬಂದವು. ಕಬ್ಬು ಬಂದೆಡೆ ಆಲೆಮನೆ. ಆಲೆಮನೆಗೆ ಬೇಕಾದುದು ಅಗಲವಾದ, ಆಳ ಕಡಿಮೆಯಾದ ಕಬ್ಬಿಣದ ಕೊಪ್ಪರಿಗೆ. ಹಾಲು ಬೇಗ ಇಂಗಬೇಕಾದರೆ ಬಾಯಿ ಅಗಲವಿರಬೇಕು. ತಳ ಎಲ್ಲೆಡೆಯೂ ಒಂದೇ ದಪ್ಪವಾಗಿರದಿದ್ದರೆ ಒಂದು ಕಡೆ ಸೀದು ಇಡೀ ಪಾಕವೇ ಕಹಿಯಾಗುತ್ತದೆ. ಈ ಕೊಪ್ಪರಿಗೆಗಳನ್ನು ಮಾಡುತ್ತಿದ್ದವರು ಕಮಲಾಪುರದ ಕಮ್ಮಾರರು. ಹತ್ತಿರದ ಜಂಬುನಾಥನ ಗುಡ್ಡದಿಂದ ಅದಿರನ್ನು ತಂದು, ಇದ್ದಿಲಿನ ಕುಲುಮೆಯಲ್ಲಿ ಕರಗಿಸಿ, ಆ ಕಬ್ಬಿಣವನ್ನೇ ಬಡಿದು ಅವರು ಕೊಪ್ಪರಿಗೆಯಾಗಿಸುತ್ತಿದ್ದರು. ಅದಿರು, ಇದ್ದಿಲು, ಕಮ್ಮಾರ, ಕಬ್ಬು, ಸಂತೆ ಎಲ್ಲವೂ ಕೆಲವೇ ಹರದಾರಿಯೊಳಗೆ.

1904ರಲ್ಲಿ ಪ್ರಕಟವಾದ ಡಬ್ಲ್ಯು. ಫ್ರಾನ್ಸಿಸನ ಬಳ್ಳಾರಿ ಜಿಲ್ಲೆಯ ಗ್ಯಾಸೆಟಿಯರಿನಲ್ಲಿ ಈ ಕಥೆಯ ಕೊನೆಯ ಅಂಕ ದಾಖಲಾಗಿದೆ. ಅಗ್ಗದ ಇಂಗ್ಲಿಷ್ ಕಬ್ಬಿಣವು ಬಂದು ನಾಡಕಬ್ಬಿಣವನ್ನು ಹೊರದೂಡಿತು. ಅದಿರು ಕರಗಿಸುವ ವಿದ್ಯೆ ನಿಂತುಹೋಯಿತು. ಕಮ್ಮಾರರು ಆಮದಾದ ಕಬ್ಬಿಣದಿಂದ ಕೊಪ್ಪರಿಗೆ ಮಾಡುವುದಕ್ಕಷ್ಟೇ ಉಳಿದರು. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಕಮ್ಮಾರನ ಕೈ ಸೋಲಲಿಲ್ಲ, ಕೊಪ್ಪರಿಗೆಗೆ ಗಿರಾಕಿಯೂ ತಪ್ಪಲಿಲ್ಲ. ಕಸುಬಿನ ಬುಡದಲ್ಲಿದ್ದ ಒಂದು ಸರಕಿನ ಬೆಲೆ ದೂರದ ಯಾವುದೋ ರೇವಿನಲ್ಲಿ ಗೊತ್ತಾಗತೊಡಗಿತು, ಅಷ್ಟೆ. ಜಂಬುನಾಥನ ಗುಡ್ಡ ಕಣ್ಣೆದುರಿಗೇ ಇದ್ದು, ಅದರ ಅದಿರನ್ನು ಕರಗಿಸಬಲ್ಲವರು ಮಾತ್ರ ಇಲ್ಲವಾದರು. ಇದೇ ಸೀಮೆಯ, ಸಂಡೂರಿನ, ಅದಿರು 21ನೆಯ ಶತಮಾನದ ಮೊದಲ ದಶಕದಲ್ಲಿ ಲಾರಿಗಳಲ್ಲಿ ಬಂದರುಗಳಿಗೆ ಹರಿದುಹೋದಾಗ ಈ ಹಳೆಯ ಕುಲುಮೆಗಳನ್ನು ನೆನೆದವರು ಎಷ್ಟು ಮಂದಿಯೋ! ಹೊಸಪೇಟೆಯಲ್ಲಿ ಸಕ್ಕರೆ ಕಾರ್ಖಾನೆ ಬಂದು ಕಬ್ಬನ್ನು ತನ್ನತ್ತ ಸೆಳೆದುಕೊಂಡಿತು. ಕಾಲಾನಂತರ ಅದೂ ಬಾಗಿಲು ಮುಚ್ಚಿತು.

ಬಿದಿರಿನ ಕೆಲಸದ ಕಥೆ ಇದಕ್ಕಿಂತ ಮೌನವಾದದ್ದು. ಗವರೇಶ್ವರನ ಅಂಕಿತದ ಮೇದರ ಕೇತಯ್ಯನ ಕುಲಕಸುಬಿನವರು ಮೊರ, ಬುಟ್ಟಿ, ತಟ್ಟಿ, ಕಣಜ, ತೊಟ್ಟಿಲುಗಳನ್ನು ಸಂತೆಯಿಂದ ಸಂತೆಗೆ ಹೊತ್ತು ಮಾರಿದವರು. ಹುಟ್ಟಿದ ಕೂಸಿಗೂ ಬೆಳೆದ ಜೋಳಕ್ಕೂ ಆಶ್ರಯ ಕೊಟ್ಟ ಈ ಕಸುಬನ್ನು ಪ್ಲಾಸ್ಟಿಕ್ಕಿನ ಬುಟ್ಟಿ ಹಿಂದಕ್ಕೆ ತಳ್ಳಿದೆ. ಮದುವೆಯ ಬಾಗಿನದ ಮೊರ ಮಾತ್ರ ಶಾಸ್ತ್ರದ ಬಲದಿಂದ ಉಳಿದುಕೊಂಡಿದೆ. ಕೂಡ್ಲಿಗಿ, ಹಡಗಲಿಗಳ ಕಡೆಯ ಕಂಬಳಿಗೂ ಬಹುಮಟ್ಟಿಗೆ ಇದೇ ಗತಿ.

ಆಶ್ರಯದ ಮಾದರಿ ಬೇರೆಯಾಗಿದ್ದ ಕಸುಬು ಕಿನ್ನಾಳದ್ದು. ಕೊಪ್ಪಳದ ಸಮೀಪದ ಈ ಗ್ರಾಮದ ಚಿತ್ರಗಾರರು ಪೊಣಕಿಮರದ ಹಗುರವಾದ ಕಟ್ಟಿಗೆಯಲ್ಲಿ ದೇವರ ಮೂರ್ತಿ, ಪಲ್ಲಕ್ಕಿ, ವಾಹನ, ಆಟಿಕೆಗಳನ್ನು ಕೆತ್ತುತ್ತಾರೆ. ಗೋಣಿಯ ಚಿಂದಿ, ಮರದ ಹೊಟ್ಟು, ಹುಣಸೆಬೀಜದ ಅಂಟು ಸೇರಿಸಿದ ‘ಕಿಟ್ಟ’ದಿಂದ ತುಂಡುಗಳನ್ನು ಬೆಸೆದು ಸಂದುಗಳನ್ನು ಮುಚ್ಚುತ್ತಾರೆ. ತವರವನ್ನು ಬಡಿದು ಪುಡಿಮಾಡಿ, ಅಂಟಿನೊಡನೆ ಕಲಸಿ, ಬಳಿದು, ಉಜ್ಜಿ ಹೊಳಪು ತರುವ ‘ಲಾಜವರ’ದ ವಿಧಾನದಿಂದ ಬಂಗಾರವಿಲ್ಲದೆಯೇ ಬಂಗಾರದ ಕಾಂತಿ ಬರುತ್ತದೆ. ವಿರೂಪಾಕ್ಷ ದೇವಾಲಯದ ರಂಗಮಂಟಪದ ಚಿತ್ರಗಳು ತಮ್ಮ ಪೂರ್ವಿಕರವೇ ಎಂಬ ನಂಬಿಕೆ ಆ ಮನೆತನಗಳಲ್ಲಿದೆ. ಇವರಿಗೆ ಗಿರಾಕಿ ಮುಖ್ಯವಾಗಿ ದೇವಾಲಯ ಮತ್ತು ಜಾತ್ರೆ. ಉತ್ಸವಮೂರ್ತಿಯ ಬಣ್ಣ ಮಾಸುತ್ತದೆ, ಪಲ್ಲಕ್ಕಿ ಸವೆಯುತ್ತದೆ. ಆದುದರಿಂದ ಕೆಲಸವು ಪೂರ್ತಿ ನಿಲ್ಲಲಿಲ್ಲ. ಈಗ ಕಿನ್ನಾಳದ ಆಟಿಕೆಗಳಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ಉಂಟು. ಮಾನ್ಯತೆಯು ಹೆಸರನ್ನು ಕಾಯುತ್ತದೆ. ಸರಕನ್ನು ಕೊಳ್ಳುವವರನ್ನು ತಂದುಕೊಡುವುದು ಅದರ ಕೆಲಸವಲ್ಲ.

ಸಂಡೂರಿನ ಲಂಬಾಣಿ ಕಸೂತಿಯ ಚರಿತ್ರೆಯಲ್ಲಿ ವಿಧಿಯ ವಿಚಿತ್ರವೊಂದು ಅಡಗಿದೆ. ಲಂಬಾಣಿಗರು ಮೂಲತಃ ಎತ್ತುಗಳ ಮೇಲೆ ಉಪ್ಪು ಧಾನ್ಯಗಳನ್ನು ಹೇರಿಕೊಂಡು ದಂಡುಗಳಿಗೂ ಸಂತೆಗಳಿಗೂ ಒದಗಿಸುತ್ತಿದ್ದವರು. ಅವರ ತಾಂಡವೇ ನಡೆಯುವ ಸಂತೆ. 19ನೆಯ ಶತಮಾನದಲ್ಲಿ ರಸ್ತೆಯೂ ರೈಲೂ ಆ ವ್ಯಾಪಾರವನ್ನು ಕಸಿದುಕೊಂಡವು. ಆಗ ಮಾರಾಟಕ್ಕೆಂದಲ್ಲದೆ ಮೈಮೇಲೆ ತೊಡುವುದಕ್ಕೆಂದೇ ಹೆಂಗಸರು ಹಾಕುತ್ತಿದ್ದ ಹೊಲಿಗೆ, ಕನ್ನಡಿಯ ಚೂರು, ಕವಡೆಗಳ ಕೆಲಸವು ನೂರು ವರ್ಷಗಳ ಬಳಿಕ ತಾನೇ ಸರಕಾಯಿತು. 1980ರ ದಶಕದಲ್ಲಿ ಸಂಡೂರು ಕುಶಲ ಕಲಾ ಕೇಂದ್ರವು ಇದನ್ನು ಸಂಘಟಿಸಿತು. ಸುಶೀಲಾನಗರ ಮೊದಲಾದ ತಾಂಡಗಳ ಮಹಿಳೆಯರು ಅದರ ಬೆನ್ನೆಲುಬಾದರು. 2010ರಲ್ಲಿ ಭೌಗೋಳಿಕ ಸೂಚ್ಯಂಕ ದೊರೆಯಿತು. 2023ರ ಜುಲೈ ತಿಂಗಳಲ್ಲಿ ಜಿ-20 ರಾಷ್ಟ್ರಗಳ ಸಂಸ್ಕೃತಿ ಕಾರ್ಯತಂಡದ ಸಭೆಯು ಹಂಪೆಯಲ್ಲಿ ನಡೆದಾಗ 1755 ಕಸೂತಿ ವಸ್ತುಗಳ ಪ್ರದರ್ಶನವು ಗಿನ್ನೆಸ್ ದಾಖಲೆಗೆ ಸೇರಿತು. 450ಕ್ಕೂ ಹೆಚ್ಚು ಮಹಿಳೆಯರ ಕೈಕೆಲಸ ಅದರಲ್ಲಿತ್ತು. ಪತ್ರಿಕೆಗಳು ವಸ್ತುಗಳ ಸಂಖ್ಯೆಯನ್ನು ದಪ್ಪಕ್ಷರದಲ್ಲಿ ಮುದ್ರಿಸಿದುವು. ಒಂದು ವಸ್ತುವಿಗೆ ಎಷ್ಟು ದಿನದ ಕೆಲಸ, ಆ ದಿನಕ್ಕೆ ಎಷ್ಟು ಕೂಲಿ ಎಂಬುದೂ ಮುದ್ರಿತವಾಗಿದ್ದರೆ ಚಂದಯ್ಯನ ಪ್ರಶ್ನೆಗೆ ಉತ್ತರ ದೊರೆಯುತ್ತಿತ್ತು.

ಹಂಪೆಯ ರಥಬೀದಿಯ ಮಾತು ಉಳಿದಿದೆ. ಹಂಪೆಯು 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಬೀದಿಯ ಇಕ್ಕೆಲದ ಕಲ್ಲುಮಂಟಪಗಳಲ್ಲಿ ಆ ವೇಳೆಗೆ ಮನೆಗಳೂ ಅಂಗಡಿಗಳೂ ಫಲಾಹಾರದ ಹೋಟೆಲುಗಳೂ ತುಂಬಿದ್ದವು. ಗೋಡೆ ಕಟ್ಟಿ, ಬಣ್ಣ ಬಳಿದು, ಕಂಬಗಳು ಕಾಣದಂತಾಗಿದ್ದವು. 2011ರ ಜುಲೈ ತಿಂಗಳಲ್ಲಿ ಅವನ್ನು ಕೆಡವಿ ತೆರವುಮಾಡಲಾಯಿತು. ನಿವಾಸಿಗಳಿಗೆ ಕಡ್ಡಿರಾಂಪುರದಲ್ಲಿ ಪುನರ್ವಸತಿಯ ಜಾಗ ಗೊತ್ತಾಯಿತು. ಸ್ಮಾರಕಕ್ಕೆ ಧಕ್ಕೆಯಾಗಿದ್ದುದು ಸುಳ್ಳಲ್ಲ, ಅಲ್ಲಿದ್ದ ಅಂಗಡಿಗಳೆಲ್ಲ ಕುಶಲಕರ್ಮಿಗಳವೂ ಅಲ್ಲ. ಆದರೂ ಅಬ್ದುರ್ ರಜಾಕನೂ ಪಾಯಸನೂ ಕಂಡು ಬೆರಗಾದದ್ದು ಕಂಬಗಳ ಸಾಲನ್ನಷ್ಟೇ ಅಲ್ಲ, ಅಲ್ಲಿಯ ಕೊಡುಕೊಳುಗೆಯನ್ನು. ಬಜಾರನ್ನು ಉಳಿಸಲು ಅಂಗಡಿಗಳನ್ನೇ ತೆಗೆಯಬೇಕಾಗಿ ಬಂದ ಈ ಇಕ್ಕಟ್ಟನ್ನು ಆಡಳಿತವೂ ವಿದ್ವಾಂಸರೂ ಇನ್ನೂ ಬಿಡಿಸಿಲ್ಲ. ಮಿತವಾದ ಜಾಗದಲ್ಲಿ, ಗೋಡೆಯಿಲ್ಲದೆ, ನೆಲದ ಮೇಲೆ ಹಾಸಿ ಮಾರುವ ಹಳೆಯ ಸಂತೆಯ ಪದ್ಧತಿಯನ್ನು ಈ ಸೀಮೆಯ ಕುಂಬಾರ, ಮೇದಾರ, ಲಂಬಾಣಿ, ಚಿತ್ರಗಾರರಿಗೆ ಅಲ್ಲಿ ಕಲ್ಪಿಸಿಕೊಡುವುದು ಅಸಾಧ್ಯವೇನೂ ಆಗಿರಲಿಲ್ಲ.

ಹೊಳೆಯ ಆಚೆಯ ಆನೆಗೊಂದಿಯಲ್ಲಿ 1997ರಲ್ಲಿ ಆರಂಭವಾದ ಕಿಷ್ಕಿಂಧಾ ಟ್ರಸ್ಟು ಬಾಳೆನಾರಿನ ಕೆಲಸವನ್ನು ಹೆಣ್ಣುಮಕ್ಕಳಿಗೆ ಕಲಿಸಿತು. ಗೊನೆ ಕಡಿದ ಮೇಲೆ ತೋಟದಲ್ಲಿಯೇ ಕೊಳೆಯುತ್ತಿದ್ದ ಬಾಳೆದಿಂಡಿನ ಪಟ್ಟೆಯನ್ನು ಅವರು ಒಣಗಿಸಿ, ಸೀಳಿ, ಮೊದಲು ಹುರಿಯಾಗಿ ಹೊಸೆಯುತ್ತಾರೆ. ಆ ಹುರಿಯಿಂದ ಚೀಲ, ಚಾಪೆ, ಬುಟ್ಟಿಗಳನ್ನು ಹೆಣೆದು ಮಾರುತ್ತಾರೆ.