ಮೂರು ಚೀಲಗಳ ಪಕ್ಷ: ಸ್ವತಂತ್ರ ಪಕ್ಷದ ನಿಧಿ, ನಾಯಕತ್ವ ಮತ್ತು ಹೊಸೂರು

(ಗಡಿಯಾಚೆಗಿನ ಕನ್ನಡ ಸಮುದಾಯಗಳ ಕುರಿತ ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಉಳಿಸಿಕೊಳ್ಳಲಾಗಿದೆ.)

ಧ್ವನಿ ಸರಿಯಾಗಿ ಕೇಳಿಸ್ತಾ ಇದೆ ಅಂದ್ಕೊಂಡು ಶುರು ಮಾಡ್ತೀನಿ.

ಈ ಸರಣಿಯಲ್ಲಿ ನಾವು ಇಲ್ಲಿಯವರೆಗೆ ಭಾಷೆ, ಶಾಲೆ, ಗಡಿ ಆಯೋಗ ಇವುಗಳ ಬಗ್ಗೆಯೇ ಹೆಚ್ಚು ಮಾತಾಡಿದ್ದೇವೆ. ಇವತ್ತು ಸ್ವಲ್ಪ ಬೇರೆ ದಾರಿ. ಒಂದು ರಾಜಕೀಯ ಪಕ್ಷದ ಹಣದ ಕಥೆ. ಹೊಸೂರಿನ ಗೋಷ್ಠಿಯಲ್ಲಿ ಇದಕ್ಕೇನು ಕೆಲಸ ಅಂತ ಕೇಳಬಹುದು. ಬೆಂಗಳೂರಿನಿಂದ ಸುಮಾರು 40 ಕಿಲೋಮೀಟರ್ ದೂರದ ಹೊಸೂರಿನ ಹತ್ತಿರ ತೊರಪಳ್ಳಿ ಎಂಬ ಹಳ್ಳಿ ಇದೆ. 1878ರ ಡಿಸೆಂಬರ್ 10ರಂದು ಚಕ್ರವರ್ತಿ ರಾಜಗೋಪಾಲಾಚಾರಿ ಹುಟ್ಟಿದ್ದು ಅಲ್ಲಿ. ತಂದೆ ಆ ಊರಿನ ಮುನ್ಸೀಫರು. ಹುಡುಗ ಓದಿದ್ದು ಹೊಸೂರಿನ ಶಾಲೆಯಲ್ಲಿ, ಆಮೇಲೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ. ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಸಂತೆಯಲ್ಲಿ ಕೇಳಿಸುವ ಊರಿನಿಂದ ಬಂದ ಈ ಮನುಷ್ಯ ತನ್ನ 80ನೇ ವಯಸ್ಸಿನಲ್ಲಿ ದೇಶಕ್ಕೊಂದು ಹೊಸ ಪಕ್ಷ ಕಟ್ಟಿದರು. 1967ರಲ್ಲೂ 1971ರಲ್ಲೂ ಹೊಸೂರು ವಿಧಾನಸಭಾ ಕ್ಷೇತ್ರ ಆ ಪಕ್ಷದ ಅಭ್ಯರ್ಥಿಯನ್ನೇ ಆರಿಸಿತು. 1971ರಲ್ಲಿ ಪಕ್ಷ ದೇಶದ ತುಂಬ ನೆಲಕಚ್ಚಿತ್ತು. ಆದರೂ ಹೊಸೂರು ಉಳಿಯಿತು. ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಕೊನೆಗೆ ವಾಪಸ್ ಬರೋಣ.

ಪಕ್ಷ ಹುಟ್ಟಿದ ಬಗೆ

1959ರ ಜನವರಿಯಲ್ಲಿ ಕಾಂಗ್ರೆಸ್ ನಾಗಪುರ ಅಧಿವೇಶನದಲ್ಲಿ ಸಹಕಾರಿ ಬೇಸಾಯದ ನಿರ್ಣಯ ಮಾಡಿತು. ಜಮೀನು ಕೈತಪ್ಪುತ್ತದೆ ಎಂಬ ಭಯ ರೈತ ಮುಖಂಡರಲ್ಲಿ ಹುಟ್ಟಿತು. ಲೈಸೆನ್ಸು, ಪರ್ಮಿಟ್ಟು, ಕೋಟಾಗಳ ಕಾಟ ಉದ್ಯಮಿಗಳನ್ನು ಅದಾಗಲೇ ಕಾಡುತ್ತಿತ್ತು. ಆ ವರ್ಷದ ಜೂನ್‌ನಲ್ಲಿ ಮದ್ರಾಸಿನಲ್ಲಿ ಪಕ್ಷದ ಘೋಷಣೆ ಆಯಿತು, ಆಗಸ್ಟ್‌ನಲ್ಲಿ ಮುಂಬೈಯಲ್ಲಿ ಪೂರ್ವಭಾವಿ ಸಮಾವೇಶ. 21 ಮೂಲ ತತ್ವಗಳು, ನಕ್ಷತ್ರದ ಗುರುತು. ಮೂಲ ತತ್ವಗಳ ಆಚೆಗಿನ ವಿಷಯದಲ್ಲಿ ಸದಸ್ಯರು ತಮ್ಮ ಮನಸ್ಸಿನಂತೆ ನಡೆಯಬಹುದು ಎಂಬ ಸ್ವಾತಂತ್ರ್ಯವೂ ಇತ್ತು.

ರಾಜಾಜಿ ಅಧ್ಯಕ್ಷರಾಗಲಿಲ್ಲ. ಅಧ್ಯಕ್ಷ ಸ್ಥಾನ ಆಂಧ್ರದ ರೈತ ನಾಯಕ ಎನ್.ಜಿ. ರಂಗಾ ಅವರಿಗೆ ಹೋಯಿತು. ಪ್ರಧಾನ ಕಾರ್ಯದರ್ಶಿ ಮುಂಬೈಯ ಮೀನೂ ಮಸಾನಿ. ಈತ 1934ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷ ಕಟ್ಟಿದವರಲ್ಲಿ ಒಬ್ಬರು, ನಂತರ ಸಂಪೂರ್ಣ ಎದುರು ದಿಕ್ಕಿಗೆ ಬಂದವರು. ಕೆ.ಎಂ. ಮುನ್ಷಿ, ಉದ್ಯಮ ವಲಯದ ಹಿರಿಯ ಸರ್ ಹೋಮಿ ಮೋದಿ ಜೊತೆಗಿದ್ದರು. ಸಂಶೋಧಕ ಹೊವಾರ್ಡ್ ಅರ್ಡ್‌ಮನ್ 1967ರಲ್ಲಿ ಈ ಪಕ್ಷದ ಮೇಲೆ ಬರೆದ ಪುಸ್ತಕದ ಶೀರ್ಷಿಕೆಯಲ್ಲೇ ಭಾರತೀಯ ಸಂಪ್ರದಾಯವಾದ ಎಂಬ ಮಾತಿದೆ. ಪಕ್ಷ ಚಿಕ್ಕದು ಅಂತ ಯಾಕೆ ಹೇಳ್ತೀನಿ ಅಂದ್ರೆ, ಅದರ ಉತ್ತುಂಗದಲ್ಲೂ, ಅಂದರೆ 1967ರಲ್ಲೂ, ಸಿಕ್ಕಿದ ಮತ ಶೇಕಡಾ 9 ಮುಟ್ಟಲಿಲ್ಲ.

ಮೂರು ಚೀಲ

ಪಕ್ಷಕ್ಕೆ ಹಣ ಬೇಕು. ಎಲ್ಲಿಂದ? ನಾನು ಇದನ್ನು ಮೂರು ಚೀಲ ಅಂತ ಕರೀತೀನಿ.

ಮೊದಲನೆಯದು ಅರಮನೆಯ ಚೀಲ. ಬಿಹಾರದಲ್ಲಿ ರಾಮಗಢದ ರಾಜ ಕಾಮಾಖ್ಯ ನಾರಾಯಣ ಸಿಂಗ್ ತನ್ನ ಪಕ್ಷವನ್ನೇ ತಂದು ಸ್ವತಂತ್ರದೊಳಗೆ ಸೇರಿಸಿದರು. ಒರಿಸ್ಸಾದ ಗಣತಂತ್ರ ಪರಿಷತ್ತೂ ಹಾಗೇ ಬಂದು ಸೇರಿತು. ರಾಜಸ್ಥಾನದಲ್ಲಿ ಜೈಪುರದ ಗಾಯತ್ರಿ ದೇವಿ. ಇಲ್ಲಿ ಪಕ್ಷ ಹಣ ಕೂಡಿಸಬೇಕಾದ ಕೆಲಸವೇ ಇರಲಿಲ್ಲ, ಜೀಪು, ಆಳುಕಾಳು, ಖರ್ಚು ಎಲ್ಲ ಜೊತೆಗೇ ಬಂತು. ಆದರೆ ಬಂದ ಹಾಗೇ ಹೋಗುವುದೂ ಉಂಟು. 1962ರಲ್ಲಿ ಬಿಹಾರ ವಿಧಾನಸಭೆಯಲ್ಲಿ ಪಕ್ಷಕ್ಕೆ 50 ಸ್ಥಾನ. ರಾಮಗಢದ ರಾಜ ಪಕ್ಷ ಬಿಟ್ಟ ಮೇಲೆ, 1967ರಲ್ಲಿ, 3 ಸ್ಥಾನ. ಪಕ್ಷ ಸೋತಿತು ಅನ್ನೋದಕ್ಕಿಂತ, ಪಕ್ಷ ಅಲ್ಲಿ ಇರಲೇ ಇಲ್ಲ, ರಾಜರಿದ್ದರು ಅಷ್ಟೆ ಅಂತ ಹೇಳೋದು ಸರಿ.

ಎರಡನೆಯದು ಕಂಪನಿಯ ಚೀಲ. 1961ರಲ್ಲಿ ಜೆ.ಆರ್.ಡಿ. ಟಾಟಾ ಅವರು ನೆಹರೂ ಅವರಿಗೆ ಪತ್ರ ಬರೆದು, ಕಾಂಗ್ರೆಸ್ಸಿಗೆ ಕೊಡುವುದರ ಜೊತೆಗೆ ಸ್ವತಂತ್ರ ಪಕ್ಷಕ್ಕೂ ದೇಣಿಗೆ ಕೊಡುತ್ತೇವೆ, ಜವಾಬ್ದಾರಿಯುತ ವಿರೋಧಪಕ್ಷವೊಂದು ಬೇಕು ಎಂದು ತಿಳಿಸಿದರು. ನೆಹರೂ ಸೌಜನ್ಯದಿಂದಲೇ ಉತ್ತರಿಸಿದರು: ಕೊಡುವುದು ನಿಮ್ಮ ಇಷ್ಟ, ಆದರೆ ಆ ಪಕ್ಷ ಬಲವಾದ ವಿರೋಧಪಕ್ಷವಾಗುತ್ತದೆ ಎಂಬ ನಂಬಿಕೆ ನನಗಿಲ್ಲ ಎಂಬ ಧಾಟಿ. ಎರಡೂ ಕಡೆ ಸಭ್ಯತೆ ಇದೆ, ನಿಜ. ಆದರೆ ವಿರೋಧಪಕ್ಷಕ್ಕೆ ದುಡ್ಡು ಕೊಡೋ ಮುಂಚೆ ಪ್ರಧಾನಿಗೆ ಒಂದು ಮಾತು ತಿಳಿಸಬೇಕು ಅನ್ನಿಸಿತಲ್ಲ, ಅದೇ ಆ ಕಾಲದ ಹವೆ.

ಮೂರನೆಯದು ಸದಸ್ಯರ ಚೀಲ. ಹಳ್ಳಿಯ ರೈತ, ಪೇಟೆಯ ಅಂಗಡಿಯವ, ನಿವೃತ್ತ ಮೇಷ್ಟ್ರು ಇವರ ಸಣ್ಣ ಚಂದಾ. ತತ್ವದ ಮಟ್ಟಕ್ಕೆ ಪಕ್ಷ ಇವರದ್ದೇ. ನೆಲದ ಮೇಲೆ ಈ ಚೀಲ ತುಂಬಲಿಲ್ಲ. ಗುಜರಾತಿನಲ್ಲಿ ಮಾತ್ರ, ವಲ್ಲಭ ವಿದ್ಯಾನಗರ ಕಟ್ಟಿದ ಭಾಯಿಲಾಲ್‌ಭಾಯಿ ಪಟೇಲರ ಮುಂದಾಳುತನದಲ್ಲಿ, ಪಾಟೀದಾರ ರೈತರ ನಡುವೆ ಒಂದು ಬೇರು ಇಳಿಯಿತು. 1967ರಲ್ಲಿ ಅಲ್ಲಿ 168ಕ್ಕೆ 66 ಸ್ಥಾನ.

ಕಾನೂನಿನ ಎರಡು ಅಲಗು

ಕಂಪನಿ ದೇಣಿಗೆಯ ಕಾನೂನನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. 1956ರ ಕಂಪನಿ ಕಾಯ್ದೆ ಈ ವಿಷಯದಲ್ಲಿ ಸುಮ್ಮನಿತ್ತು. 1957ರಲ್ಲಿ ಟಾಟಾ ಉಕ್ಕಿನ ಕಂಪನಿ ರಾಜಕೀಯ ದೇಣಿಗೆಗೆ ಅವಕಾಶವಾಗುವಂತೆ ತನ್ನ ಮೂಲ ದಸ್ತಾವೇಜನ್ನು ತಿದ್ದಲು ಹೊರಟಾಗ ವಿಷಯ ಬಾಂಬೆ ಹೈಕೋರ್ಟಿಗೆ ಬಂತು. ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಅನುಮತಿ ಕೊಟ್ಟರು, ಆದರೆ ದೊಡ್ಡ ಬಂಡವಾಳ ಪಕ್ಷಗಳನ್ನು ಪೋಷಿಸತೊಡಗಿದರೆ ಪ್ರಜಾಪ್ರಭುತ್ವಕ್ಕೇ ಅಪಾಯ ಎಂದು ಎಚ್ಚರಿಸಿದರು. 1960ರಲ್ಲಿ 293ಎ ಕಲಂ ಬಂತು. 25,000 ರೂಪಾಯಿ ಅಥವಾ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇಕಡಾ 5, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟು ಕೊಡಬಹುದು. ಕೊಟ್ಟಿದ್ದನ್ನು ಲೆಕ್ಕಪತ್ರದಲ್ಲಿ ತೋರಿಸಲೇಬೇಕು.

ಪಾರದರ್ಶಕತೆ ಒಳ್ಳೆಯದೇ ತಾನೆ? ಹೌದು. ಆದರೆ ಲೈಸೆನ್ಸ್ ರಾಜ್ಯದಲ್ಲಿ ಅದರ ಇನ್ನೊಂದು ಅಲಗು ನೋಡಿ. ಆಳುವ ಪಕ್ಷಕ್ಕೆ ಕೊಟ್ಟವನ ಲೆಕ್ಕಪತ್ರ ಅವನಿಗೆ ರಕ್ಷೆ. ವಿರೋಧಪಕ್ಷಕ್ಕೆ ಕೊಟ್ಟವನ ಲೆಕ್ಕಪತ್ರ, ನಾಳೆ ಅವನ ಪರ್ಮಿಟ್ಟಿಗೆ ಸಹಿ ಹಾಕಬೇಕಾದ ಕೈಗೇ ಸಿಗುತ್ತದೆ. ಲೈಸೆನ್ಸ್ ಪದ್ಧತಿ ಹೋಗಲಿ ಎಂದ ಪಕ್ಷ, ಆ ಲೈಸೆನ್ಸಿಗಾಗಿ ಕಾದು ನಿಂತವರ ಜೇಬನ್ನೇ ನಂಬಿತ್ತು. ಇಡೀ ಕಥೆಯ ಗಂಟು ಇಲ್ಲಿದೆ.

ರಾಜಾಜಿಗೆ ಇದು ಗೊತ್ತಿರಲಿಲ್ಲ ಅಂತಲ್ಲ. ಪ್ರಜಾಪ್ರಭುತ್ವವನ್ನು ಹಣದ ಬಲದಿಂದ ಬಿಡಿಸಬೇಕು, ಚುನಾವಣೆಯ ವೆಚ್ಚದ ಭಾರವನ್ನು ಸರ್ಕಾರವೇ ಹೊರಬೇಕು ಎಂಬ ಅರ್ಥದಲ್ಲಿ ಅವರು ಪದೇ ಪದೇ ಬರೆದರು. ಬರೆದದ್ದು ಒಂದು, ಪಕ್ಷದ ದಿನದ ಖರ್ಚು ನಡೆದದ್ದು ಇನ್ನೊಂದು.

ಪಕ್ಕದ ಮನೆಯ ಹುಂಡಿ

1967ರ ಚುನಾವಣೆಗೆ ಮದ್ರಾಸ್ ರಾಜ್ಯದಲ್ಲಿ ರಾಜಾಜಿ ದ್ರಾವಿಡ ಮುನ್ನೇತ್ರ ಕಳಗದ ಜೊತೆ ಮೈತ್ರಿ ಮಾಡಿದರು. ಒಂದು ಕಾಲದ ಕಡು ವಿರೋಧಿಗಳು ಒಂದೇ ವೇದಿಕೆಗೆ ಬಂದರು. ಸ್ವತಂತ್ರ ಪಕ್ಷಕ್ಕೆ 20 ವಿಧಾನಸಭಾ ಸ್ಥಾನ ಬಂತು, ಹೊಸೂರು ಅದರಲ್ಲೊಂದು.

ಈ ಎರಡು ಪಕ್ಷಗಳು ಹಣ ಕೂಡಿಸಿದ ರೀತಿ ಹೋಲಿಸಿ. ಡಿಎಂಕೆ ಚುನಾವಣಾ ನಿಧಿಗೆ 10 ಲಕ್ಷದ ಗುರಿ ಇಟ್ಟುಕೊಂಡಿತ್ತು. ಪಕ್ಷದ ಖಜಾಂಚಿ ಕರುಣಾನಿಧಿ ಊರೂರು ತಿರುಗಿ 11 ಲಕ್ಷ ತಂದರು. ವಿರುಗಂಬಾಕ್ಕಂ ಸಮ್ಮೇಳನದಲ್ಲಿ ಅಣ್ಣಾದುರೈ ಅವರನ್ನು ಹನ್ನೊಂದು ಲಕ್ಷದವರು ಎಂದೇ ಕರೆದದ್ದು ತಮಿಳುನಾಡಿನ ರಾಜಕೀಯದಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ನಾಟಕ, ಸಭೆ, ಶಾಖೆ, ಹುಂಡಿ: ಹೀಗೆ ಹಣ ಎತ್ತುವವನಿಗೆ ಪ್ರತಿ ಊರಿನಲ್ಲಿ ಯಾರು ಕೊಡ್ತಾರೆ, ಯಾರು ಕೊಡಲ್ಲ, ಯಾರು ಹತ್ತು ಜನರನ್ನು ಕರೆತರ್ತಾರೆ ಅಂತ ಗೊತ್ತಾಗುತ್ತದೆ. 1969ರ ಫೆಬ್ರವರಿಯಲ್ಲಿ ಅಣ್ಣಾದುರೈ ತೀರಿಕೊಂಡಾಗ ಆ ಖಜಾಂಚಿಯೇ ಮುಖ್ಯಮಂತ್ರಿಯಾದರು.

ನನ್ನ ವಾದ ಇಷ್ಟೇ: ಜನರಿಂದ ಹಣ ಎತ್ತುವ ಕೆಲಸ ಹಣಕ್ಕಾಗಿ ಮಾತ್ರ ಅಲ್ಲ, ಅದು ನಾಯಕರನ್ನು ತಯಾರು ಮಾಡುವ ಶಾಲೆ. ನಾಲ್ಕು ಕಚೇರಿಗಳಿಂದ ಚೆಕ್ ಬಂದುಬಿಟ್ಟರೆ ಆ ಶಾಲೆ ತೆರೆಯುವುದೇ ಇಲ್ಲ.

ಹೊಸ ನಾಯಕರು, ಹಳೆ ಚೀಲ

1967ರಲ್ಲಿ ಸ್ವತಂತ್ರ ಪಕ್ಷ ಲೋಕಸಭೆಯಲ್ಲಿ 44 ಸ್ಥಾನ ಪಡೆದು ಕಾಂಗ್ರೆಸ್ ನಂತರದ ಅತಿದೊಡ್ಡ ಪಕ್ಷವಾಯಿತು. 1962ರಲ್ಲಿ ಇದ್ದದ್ದು 18. ಒರಿಸ್ಸಾದಲ್ಲಿ ಆರ್.ಎನ್. ಸಿಂಗ್ ದೇವ್ ಮುಖ್ಯಮಂತ್ರಿಯೂ ಆದರು. 1968ರಲ್ಲಿ ರಂಗಾ ಅವರ ನಂತರ ಮಸಾನಿ ಅಧ್ಯಕ್ಷರಾದರು. ಚುರುಕು ಸಂಸದೀಯಪಟು, ಲೆಕ್ಕಾಚಾರದ ಮನುಷ್ಯ. ಸುಧಾರಣೆಗೆ ಸರಿಯಾದ ಗಳಿಗೆ ಅನ್ನಿಸಿತು.

ಆಗಲೇ ಚೀಲಗಳು ಒಂದೊಂದಾಗಿ ಹರಿದವು. 1969ರಲ್ಲಿ ಕಂಪನಿ ದೇಣಿಗೆಗೆ ಪೂರ್ತಿ ನಿಷೇಧ ಬಂತು. 1971ರಲ್ಲಿ ಸಂವಿಧಾನದ 26ನೇ ತಿದ್ದುಪಡಿಯಿಂದ ರಾಜಧನ ರದ್ದಾಯಿತು. ಅದರ ಹಿಂದಿನ ಎರಡು ವರ್ಷವೂ ಅರಮನೆಗಳು ಆತಂಕದಲ್ಲೇ ಇದ್ದವು. 1971ರ ಮಾರ್ಚ್ ಚುನಾವಣೆಯಲ್ಲಿ ಸಂಸ್ಥಾ ಕಾಂಗ್ರೆಸ್, ಜನಸಂಘ, ಸಂಯುಕ್ತ ಸಮಾಜವಾದಿಗಳ ಜೊತೆ ಮಹಾಮೈತ್ರಿ ಮಾಡಿಕೊಂಡ ಪಕ್ಷ 8 ಸ್ಥಾನಕ್ಕೆ ಇಳಿಯಿತು. ಮಸಾನಿ ತಾವೇ ರಾಜಕೋಟದಲ್ಲಿ ಸೋತು ಅಧ್ಯಕ್ಷ ಸ್ಥಾನ ಬಿಟ್ಟರು. ರಂಗಾ ಮುಂದೆ ಕಾಂಗ್ರೆಸ್ಸಿಗೇ ಮರಳಿದರು. 1972ರ ಡಿಸೆಂಬರ್ 25ರಂದು ರಾಜಾಜಿ ತೀರಿಕೊಂಡರು.

ಕೊನೆಯ ವರ್ಷಗಳಲ್ಲಿ ಪಕ್ಷದ ಚುಕ್ಕಾಣಿ ಹಿಡಿದವರು ಪೀಲೂ ಮೋದಿ. ವೃತ್ತಿಯಿಂದ ವಾಸ್ತುಶಿಲ್ಪಿ, ಗೋಧ್ರಾದಿಂದ ಎರಡು ಸಲ ಗೆದ್ದವರು, ಸಂಸತ್ತಿನಲ್ಲಿ ಮಹಾ ವಿನೋದಿ. ಧೈರ್ಯಕ್ಕೂ ಕೊರತೆಯಿಲ್ಲ. ಆದರೆ ಗಮನಿಸಿ, ಅವರು ಸರ್ ಹೋಮಿ ಮೋದಿಯವರ ಮಗ. ಹದಿನೈದು ವರ್ಷದ ನಂತರ ಹೊಸ ನಾಯಕತ್ವ ಬಂದದ್ದೂ ಅದೇ ಮುಂಬೈಯ ದಿವಾನಖಾನೆಯಿಂದ. ಇದು ಅವರ ತಪ್ಪಲ್ಲ. ಬೇರೆ ಯಾರನ್ನೂ ಬೆಳೆಸುವ ಜಾಗ ಪಕ್ಷದಲ್ಲಿ ಇರಲಿಲ್ಲ. 1974ರ ಆಗಸ್ಟ್‌ನಲ್ಲಿ ಸ್ವತಂತ್ರ ಪಕ್ಷ ಚರಣ್ ಸಿಂಗ್ ಅವರ ಭಾರತೀಯ ಲೋಕದಳದೊಳಗೆ ವಿಲೀನವಾಯಿತು.

ಮತ್ತೆ ಹೊಸೂರು

ಈಗ ಮೊದಲಿನ ಪ್ರಶ್ನೆ. 1971ರಲ್ಲಿ ತಮಿಳುನಾಡಿನಲ್ಲಿ ಪಕ್ಷಕ್ಕೆ ಉಳಿದದ್ದು 6 ವಿಧಾನಸಭಾ ಸ್ಥಾನ. ಈ ಸಲ ಡಿಎಂಕೆ ಎದುರಾಳಿ. ಕಂಪನಿ ದೇಣಿಗೆ ನಿಂತುಹೋಗಿದೆ. ಆದರೂ ಹೊಸೂರು ಅದೇ ಶಾಸಕರನ್ನು ಮತ್ತೆ ಕಳಿಸಿತು. ರಾಜಾಜಿ ನಮ್ಮೂರಿನವರು ಅನ್ನೋ ಅಭಿಮಾನ ಒಂದು ಕಾರಣ ಇರಬಹುದು, ಆದರೆ ಅದು ಸಾಲದು ಅಂತ ನನ್ನ ಅಭಿಪ್ರಾಯ. ಹೊಸೂರಿಗೆ ಮೊದಲಿನಿಂದಲೂ ಮದ್ರಾಸ್ ದೂರ, ಬೆಂಗಳೂರು ಹತ್ತಿರ. ಭಾಷೆಯ ಕಾರಣಕ್ಕೆ ಎರಡು ದೊಡ್ಡ ಪಕ್ಷಗಳ ಮಾತೂ ಇಲ್ಲಿಯ ಕನ್ನಡ, ತೆಲುಗು ಮನೆಗಳಿಗೆ ಪೂರ್ತಿ ಒಗ್ಗುತ್ತಿರಲಿಲ್ಲ. ಇಂಥ ಕಡೆ ಮತ ಹೋಗುವುದು ಊರಿನ ಪರಿಚಯದ ಮುಖಕ್ಕೆ. ಮೇಲಿನ ಚೀಲ ಬತ್ತಿದರೂ ಆ ಪರಿಚಯ ಬತ್ತುವುದಿಲ್ಲ. ಪಕ್ಷ ದೇಶದ ತುಂಬ ಕಟ್ಟಬೇಕಾಗಿದ್ದದ್ದು ಇದನ್ನೇ.

ಪ್ರಶ್ನೋತ್ತರ

ಪ್ರಶ್ನೆ: ಕಂಪನಿ ದೇಣಿಗೆ ನಿಷೇಧಿಸಿದ್ದು ಸ್ವತಂತ್ರ ಪಕ್ಷವನ್ನು ಮುಗಿಸೋದಕ್ಕೇನಾ?

ಉತ್ತರ: ಅಷ್ಟು ಸರಳವಾಗಿ ಹೇಳಲಾರೆ. ಭ್ರಷ್ಟಾಚಾರ ತಡೆಯ ಸಂತಾನಂ ಸಮಿತಿ 1964ರಲ್ಲೇ ನಿಷೇಧ ಬೇಕು ಅಂದಿತ್ತು. ಕಂಪನಿಗಳಿಂದ ಅತಿ ಹೆಚ್ಚು ಪಡೆಯುತ್ತಿದ್ದದ್ದೂ ಕಾಂಗ್ರೆಸ್ಸೇ. ಉದ್ದೇಶ ಏನಿದ್ದರೂ ಪರಿಣಾಮ ಸಮನಾಗಿರಲಿಲ್ಲ. ಆಳುವವರಿಗೆ ಹಣ ಬರುವ ಬೇರೆ ದಾರಿಗಳಿದ್ದವು, ಸಣ್ಣ ಪಕ್ಷಕ್ಕೆ ಇರಲಿಲ್ಲ. ಚೆಕ್ಕಿನ ಹಣ ಕಪ್ಪುಹಣವಾಯಿತು. 1985ರಲ್ಲಿ ಕಂಪನಿ ದೇಣಿಗೆಗೆ ಮತ್ತೆ ಅವಕಾಶ ಕೊಡಬೇಕಾಯಿತು. ಕೊಟ್ಟವರ ಹೆಸರು ಮುಚ್ಚಿಡುವ ಚುನಾವಣಾ ಬಾಂಡನ್ನು ಸುಪ್ರೀಂ ಕೋರ್ಟ್ 2024ರ ಫೆಬ್ರವರಿಯಲ್ಲಿ ಅಸಾಂವಿಧಾನಿಕ ಎಂದಾಗ ಇದೇ ಹಳೆ ಪ್ರಶ್ನೆ ವಾಪಸ್ ಬಂತು: ಹೆಸರು ಬಯಲಾದರೆ ವಿರೋಧಪಕ್ಷದ ದಾನಿಗೆ ಭಯ, ಮುಚ್ಚಿಟ್ಟರೆ ಮತದಾರನಿಗೆ ಕತ್ತಲು.

ಪ್ರಶ್ನೆ: ಕರ್ನಾಟಕದ ಕಡೆ ಪಕ್ಷಕ್ಕೆ ನೆಲೆ ಇತ್ತಾ?

ಉತ್ತರ: ಇತ್ತು. 1967ರಲ್ಲಿ ಮೈಸೂರು ರಾಜ್ಯದಲ್ಲಿ 16 ವಿಧಾನಸಭಾ ಸ್ಥಾನ, ಉಡುಪಿ, ಚಿತ್ರದುರ್ಗ, ಹಾಸನ, ರಾಯಚೂರು ಸೇರಿ 5 ಲೋಕಸಭಾ ಸ್ಥಾನ. ಗಡಿಯಾಚೆ, ಆದೋನಿ ಇರುವ ಕರ್ನೂಲು ಜಿಲ್ಲೆಯ ಕರ್ನೂಲು ಲೋಕಸಭಾ ಕ್ಷೇತ್ರವನ್ನೂ ಪಕ್ಷ ಆ ಸಲ ಗೆದ್ದಿತು. ಆದರೆ ಉಡುಪಿಯ ಗೆಲುವಿಗೂ ರಾಯಚೂರಿನ ಗೆಲುವಿಗೂ ನಡುವೆ ಸಂಘಟನೆಯ ನಂಟು ತೆಳು. ಒಬ್ಬೊಬ್ಬ ಅಭ್ಯರ್ಥಿಯೂ ತನ್ನ ಬಲದ ಮೇಲೆ ನಿಂತವನು.

ಪ್ರಶ್ನೆ: ನಮ್ಮ ಗಡಿನಾಡ ಕನ್ನಡ ಸಂಘಗಳಿಗೆ ಇದರಿಂದ ಏನಾದ್ರೂ ಪಾಠ ಇದೆಯಾ ಮೇಷ್ಟ್ರೇ?

ಉತ್ತರ: ಸಂಘ ಬೇರೆ, ಪಕ್ಷ ಬೇರೆ. ಆದ್ರೂ ಒಂದು ಮಾತು ಹೇಳಬಹುದು. ಅಧ್ಯಕ್ಷರೊಬ್ಬರ ಜೇಬಿನಿಂದಲೋ, ಒಂದು ಸರ್ಕಾರಿ ಅನುದಾನದಿಂದಲೋ ನಡೆಯುವ ಸಂಘಗಳನ್ನು ನಾವೆಲ್ಲ ನೋಡಿದ್ದೇವೆ. ಆ ಅಧ್ಯಕ್ಷರಿಗೆ ವಯಸ್ಸಾದಾಗ ಮುಂದಿನವರು ಸಿಗುವುದಿಲ್ಲ, ಯಾಕಂದ್ರೆ ರಸೀದಿ ಪುಸ್ತಕ ಹಿಡಿದು ಮನೆಮನೆಗೆ ಹೋದವರು ಯಾರೂ ಇರುವುದಿಲ್ಲ. ಹಾಗಾಗಿ ವಿದ್ಯಾರ್ಥಿಗಳಿಗೆ ಒಂದು ಕೆಲಸ. ಹೊಸೂರು, ತಾಳವಾಡಿ, ರಾಯದುರ್ಗ, ಅಕ್ಕಲಕೋಟೆ ಕಡೆ ಕ್ಷೇತ್ರಕಾರ್ಯಕ್ಕೆ ಹೋದಾಗ ಹಿರಿಯರನ್ನು ಸನ್ಮಾನದ ಫೋಟೋ ಜೊತೆಗೆ ಹಳೆಯ ರಸೀದಿ ಪುಸ್ತಕ, ಚಂದಾ ಪಟ್ಟಿಗಳನ್ನೂ ಕೇಳಿ. ಎಂಟಾಣೆ ಕೊಟ್ಟವರ ಹೆಸರುಗಳು ಅದರಲ್ಲಿರುತ್ತವೆ. ಆ ಸಂಘ ಎಷ್ಟು ಜನರದ್ದಾಗಿತ್ತು ಅನ್ನೋದನ್ನು ಆ ಪಟ್ಟಿಯಿಂದಲೇ ಶುರು ಮಾಡಿ ಬರೆಯಿರಿ. ಮುಂದಿನ ತಿಂಗಳ ಗೋಷ್ಠಿಗೆ ಯಾರಾದರೂ ಇಬ್ಬರು ತಂದರೂ ಸಾಕು.