ಚಾಂದಿಪುರದ ಹೆಸರು ಹೊತ್ತ ವೈರಸ್

ಉಮರೇಡ್ ಎಲ್ಲಿದೆಯೆಂದು ಬಂಧುಗಳು ಕೇಳಿದರೆ ನಾವು ಕಲ್ಲಿದ್ದಲ ಗಣಿಯನ್ನೋ ಕರ್ಹಾಂಡ್ಲಾ ಕಾಡಿನ ಹುಲಿಗಳನ್ನೋ ಹೇಳಿ ಗುರುತು ಹಿಡಿಸುತ್ತೇವೆ. ಇದೇ ನಾಗಪುರ ಜಿಲ್ಲೆಯ ಚಾಂದಿಪುರಕ್ಕೆ ಆ ಭಾಗ್ಯವಿಲ್ಲ. ಅದರ ಹೆಸರು ಲೋಕಕ್ಕೆ ಪರಿಚಿತವಾದದ್ದು ಮಕ್ಕಳನ್ನು ಬಲಿ ಪಡೆಯುವ ಒಂದು ವೈರಸ್ಸಿನಿಂದ. (ಕ್ಷಿಪಣಿ ಹಾರಿಸುವ ಒಡಿಶಾದ ಚಾಂದಿಪುರ ಬೇರೆ.)

1965ರಲ್ಲಿ ಈ ಭಾಗದಲ್ಲಿ ಜ್ವರದ ಹಾವಳಿಯಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ಭಟ್ ಮತ್ತು ರಾಡ್ರಿಗಸ್ ಇಬ್ಬರು ರೋಗಿಗಳ ರಕ್ತದಲ್ಲಿ ಅದುವರೆಗೆ ಯಾರೂ ಕಾಣದಿದ್ದ ವೈರಸ್ಸೊಂದನ್ನು ಕಂಡರು. 1952ರಲ್ಲಿ ಸ್ಥಾಪನೆಯಾದ ಈ ಕೇಂದ್ರ ಕನ್ನಡಿಗರಿಗೆ ಅಪರಿಚಿತವಲ್ಲ. 1957ರಲ್ಲಿ ಸೊರಬ ತಾಲ್ಲೂಕಿನಲ್ಲಿ ಮಂಗಗಳು ಸಾಯತೊಡಗಿದಾಗ ಕಾರಣ ಹುಡುಕಿದ್ದೂ ಇದೇ. ನಮ್ಮವರು ಅದನ್ನು ಮಂಗನ ಕಾಯಿಲೆ ಎಂದರು, ವಿಜ್ಞಾನಿಗಳು ಕ್ಯಾಸನೂರಿನ ಕಾಡಿನ ಹೆಸರಿಟ್ಟರು. ಸಿಕ್ಕಿದ ಜಾಗದ ಹೆಸರನ್ನೇ ವೈರಸ್ಸಿಗೆ ಇಡುವುದು ಆ ಕಾಲದ ರೂಢಿ. ಊರಿನವರನ್ನು ಕೇಳಿ ಇಡುತ್ತಿರಲಿಲ್ಲ ಎಂಬುದು ನಮ್ಮ ತಕರಾರು.

ರೋಗಿಗಳಿಗೆ ಬಂದದ್ದು ಬರಿಯ ಜ್ವರ. ಹಾಗಾಗಿ ಚಾಂದಿಪುರದ ವೈರಸ್ ಬಹುಕಾಲ ಪ್ರಯೋಗಾಲಯದ ಪಟ್ಟಿಯಲ್ಲಿ ಒಂದು ಹೆಸರಾಗಿ ಉಳಿಯಿತು. ಮೆದುಳಿನ ಬಾಧೆಯಿದ್ದ ರೋಗಿಯ ರಕ್ತದಲ್ಲಿ ಅದು ಸಿಕ್ಕಿತೆಂಬ 1983ರ ವರದಿಯೂ ಹೆಚ್ಚು ಸದ್ದು ಮಾಡಲಿಲ್ಲ.

ಐದೇ ಜೀನುಗಳ, ಬಂದೂಕಿನ ಗುಂಡಿನಾಕಾರದ ಈ ವೈರಸ್ ನಮ್ಮ ದೇಹದ ಕಾವಲನ್ನು ತಪ್ಪಿಸುವ ಬಗೆ ಕುತೂಹಲಕರವಾದದ್ದು. ವೈರಸ್ ಒಳಹೊಕ್ಕ ಜೀವಕೋಶ ಮೊದಲು ಮಾಡುವ ಕೆಲಸ ಇಂಟರ್‌ಫೆರಾನ್ ಎಂಬ ಪ್ರೋಟೀನನ್ನು ಹೊರಬಿಟ್ಟು ನೆರೆಯ ಕೋಶಗಳನ್ನು ಎಚ್ಚರಿಸುವುದು. ಐಸಾಕ್ಸ್ ಮತ್ತು ಲಿಂಡೆನ್‌ಮನ್ ಲಂಡನ್ನಿನಲ್ಲಿ ಇದನ್ನು ಕಂಡುಹಿಡಿದದ್ದು 1957ರಲ್ಲಿ, ಮಂಗನ ಕಾಯಿಲೆಯ ವರ್ಷದಲ್ಲೇ. ಇಂಟರ್‌ಫೆರಾನ್ ತಯಾರಿಸುವ ಆದೇಶ ಕೋಶದ ಕೇಂದ್ರದಲ್ಲಿ ಆರ್‌ಎನ್‌ಎ ರೂಪದಲ್ಲಿ ಬರೆಯಲ್ಪಟ್ಟು, ಕೇಂದ್ರದ ಪೊರೆಯಲ್ಲಿರುವ ದ್ವಾರಗಳ ಮೂಲಕ ಹೊರಗೆ ಬರಬೇಕು. ಚಾಂದಿಪುರದ್ದೂ ಸೇರಿದಂತೆ ಈ ಕುಲದ ವೈರಸ್ಸುಗಳ ಮ್ಯಾಟ್ರಿಕ್ಸ್ ಪ್ರೋಟೀನು ಆ ದ್ವಾರಗಳಲ್ಲಿ ಸಂಚಾರವನ್ನೇ ತಡೆಯುತ್ತದೆಂದು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2001ರಲ್ಲಿ ತೋರಿಸಿದರು. ವೈರಸ್ಸಾದರೋ ಕೇಂದ್ರದ ಹೊರಗಿನ ದ್ರವದಲ್ಲೇ ತನ್ನ ಪ್ರತಿಗಳನ್ನು ಮಾಡಿಕೊಳ್ಳುತ್ತದೆ. ಬಾಗಿಲು ಮುಚ್ಚಿದರೆ ತೊಂದರೆ ಮನೆಯವರಿಗೆ ಮಾತ್ರ, ಕಳ್ಳನಿಗಲ್ಲ. ವೈರಸ್ಸಿಗೆ ಇದರಿಂದ ದೊರೆಯುವುದು ಸಮಯ. ಪ್ರತಿಕಾಯಗಳು ತಯಾರಾಗಲು ದಿನಗಳು ಬೇಕು. ಹಿಂದೆ ಸೋಂಕು ತಗಲಿದ್ದ ಹಿರಿಯರಲ್ಲಿ ಅವು ಮೊದಲೇ ಇರುತ್ತವೆ, ಎಳೆಯರಲ್ಲಿ ಇರುವುದಿಲ್ಲ.

ಆ ಶೋಧ ಪ್ರಕಟವಾಗಿ ಎರಡೇ ವರ್ಷಕ್ಕೆ, 2003ರ ಜೂನ್‌ನಿಂದ ಆಗಸ್ಟ್‌ವರೆಗೆ, ಆಂಧ್ರಪ್ರದೇಶದಲ್ಲಿ 329 ಮಕ್ಕಳಿಗೆ ಮೆದುಳಿನ ಉರಿಯೂತ ತಗಲಿ 183 ಮಂದಿ ತೀರಿಕೊಂಡರು. ಬೆಳಿಗ್ಗೆ ಜ್ವರ, ಆಮೇಲೆ ವಾಂತಿ, ಸೆಳವು, ಪ್ರಜ್ಞಾಹೀನತೆ. ಅನೇಕ ಮಕ್ಕಳು ಒಂದೆರಡು ದಿನವೂ ಬದುಕಲಿಲ್ಲ. ಪುಣೆಯವರು ಮಾದರಿಗಳನ್ನು ಪರೀಕ್ಷಿಸಿದಾಗ ಸಿಕ್ಕಿದ್ದು ಆ ಹಳೆಯ ಹೆಸರು.

2007ರ ಮಳೆಗಾಲದಲ್ಲಿ ಅದು ತವರಿಗೇ ಮರಳಿತು. ನಾಗಪುರ ವಿಭಾಗದಲ್ಲಿ 78 ಮಕ್ಕಳು ಕಾಯಿಲೆ ಬಿದ್ದರು, 34 ಮಂದಿ ಉಳಿಯಲಿಲ್ಲ. 2024ರಲ್ಲಿ ಗುಜರಾತಿನ ಸರದಿ. ಇದಕ್ಕೆ ಲಸಿಕೆಯಿಲ್ಲ, ನಿರ್ದಿಷ್ಟ ಔಷಧವೂ ಇಲ್ಲ. ಅದನ್ನು ಹರಡುವ ಮರಳುನೊಣ ಸೊಳ್ಳೆಗಿಂತ ಚಿಕ್ಕದು; ಮಣ್ಣಿನ ಗೋಡೆಯ ಬಿರುಕುಗಳಲ್ಲಿ, ದನದ ಕೊಟ್ಟಿಗೆಯ ತೇವದಲ್ಲಿ ಅಡಗಿರುತ್ತದೆ. ಮಳೆಗಾಲಕ್ಕೆ ಮುನ್ನ ಆ ಬಿರುಕುಗಳನ್ನು ಮೆತ್ತಿ ಮುಚ್ಚುವುದೇ ಈಗಲೂ ಆರೋಗ್ಯ ಇಲಾಖೆ ಹೇಳುವ ಉಪಾಯಗಳಲ್ಲಿ ಒಂದು.