ಆರು ಎಸಳಿನ ರಬ್ಬರ್ ಚಕ್ರ

ನಮ್ಮ ತೀರದಲ್ಲಿ ದೋಣಿಗೆ ಯಂತ್ರ ಬಂದ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಎಂಜಿನಿನ ಕುದುರೆಶಕ್ತಿಯಿಂದ, ಸರಕಾರದ ಸಬ್ಸಿಡಿಯಿಂದ ತೊಡಗುತ್ತಾರೆ. ನಾನು ಆ ಎಂಜಿನಿನ ಕೆಳಗಡೆ ಅಡಗಿರುವ, ಅಂಗೈಗಿಂತ ಚಿಕ್ಕದಾದ ರಬ್ಬರ್ ಚಕ್ರವೊಂದರಿಂದ ತೊಡಗುತ್ತೇನೆ. ಅದರ ಹೆಸರು ಇಂಪೆಲ್ಲರ್.

ನಾರ್ವೆಯಲ್ಲಿ ಹುಟ್ಟಿ ಅಮೆರಿಕ ಸೇರಿದ ಓಲೆ ಎವಿನ್‌ರೂಡ್, ದೋಣಿಯ ಹಿಂಬದಿಗೆ ಸಿಕ್ಕಿಸುವ ಎಂಜಿನನ್ನು 1909ರಲ್ಲಿ ಮಾರಾಟಕ್ಕೆ ತಂದರು. ಕೇರಳದ ಮೀನುಗಾರಿಕೆಗೆ ಯಂತ್ರ ಬಂದುದೂ ನಾರ್ವೆಯ ನೆರವಿನಿಂದಲೇ. 1952ರ ಒಪ್ಪಂದದಂತೆ ಕೊಲ್ಲಂ ಬಳಿಯ ನೀಂಡಕರದಲ್ಲಿ ಆ ಯೋಜನೆ ತೊಡಗಿತು. ಮುಂದೆ ಟ್ರಾಲ್ ದೋಣಿಗಳು ಹೆಚ್ಚಿದವು. ಹುಟ್ಟು ಹಾಕುತ್ತಿದ್ದವರ ಪಾಲು ಕುಗ್ಗಿತು. ಇತ್ತ ಮಂಗಳೂರಿನ ಕಡೆ 1970ರ ದಶಕದ ಕೊನೆಗೆ ಪರ್ಸೀನ್ ಬಲೆ ಬಂದು ರಾಂಪಣಿಯನ್ನು ಮೂಲೆಗೆ ಸರಿಸಿತು. ದೂರದ ಮೀನನ್ನು ಅರಸಿ ಹೋಗದೆ ಬೇರೆ ದಾರಿಯಿರಲಿಲ್ಲ. 1980ರ ದಶಕದ ಆರಂಭದಲ್ಲಿ ಕೇರಳದ ನಾಡದೋಣಿಗಳಿಗೆ ಔಟ್‌ಬೋರ್ಡ್ ಎಂಜಿನ್ ಹಬ್ಬಿದ್ದು ಹೀಗೆ. ಪೆಟ್ರೋಲಿನಲ್ಲಿ ಚಾಲೂ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವುದು ರೂಢಿಯಾಯಿತು.

ನಮ್ಮ ತಂದೆಯವರು ಸಾಲಮಾಡಿ ಹಳೆಯ ಎಂಜಿನೊಂದನ್ನು ಕೊಂಡದ್ದು 1986ರಲ್ಲಿ. ಜೊತೆಗೆ ಬಂದ ಪುಸ್ತಕ ಇಂಗ್ಲಿಷಿನದು. ಮನೆಯಲ್ಲಿ ಅದನ್ನು ತಡವರಿಸಿಯಾದರೂ ಓದಬಲ್ಲವನು ಕನ್ನಡ ಶಾಲೆಯಲ್ಲಿ ಕಲಿತ ನಾನೊಬ್ಬನೇ. ಹಾಗಾಗಿ ರಿಪೇರಿಯೂ ನನ್ನ ಪಾಲಿಗೆ ಬಂತು.

ಎಂಜಿನನ್ನು ತಣಿಸುವ ನೀರನ್ನು ಕಡಲಿನಿಂದಲೇ ಎತ್ತಬೇಕು. ಪಂಪಿನ ಗೂಡಿನಲ್ಲಿ ಇಂಪೆಲ್ಲರ್ ನಟ್ಟನಡುವೆ ಇರುವುದಿಲ್ಲ, ಒಂದು ಪಕ್ಕಕ್ಕೆ ಸರಿದಿರುತ್ತದೆ. ಎಸಳುಗಳು ಒಂದೆಡೆ ಅರಳಿ ನೀರನ್ನು ಹೀರುತ್ತವೆ, ಇನ್ನೊಂದೆಡೆ ಬಾಗಿ ಮೇಲಕ್ಕೆ ದೂಡುತ್ತವೆ. ನಮ್ಮ ಅಳಿವೆಯ ಮರಳುನೀರು ಈ ಎಸಳುಗಳಿಗೆ ವೈರಿ. ನೀರಿಲ್ಲದೆ ಓಡಿಸಿದರಂತೂ ಸ್ವಲ್ಪ ಹೊತ್ತಿನಲ್ಲೇ ಸುಟ್ಟುಹೋಗುತ್ತವೆ.

1987ರಲ್ಲಿ ಹಿಂಬದಿಯ ತೂತಿನಿಂದ ಚಿಮ್ಮುವ ನೀರು ಸಣ್ಣಗಾಯಿತು. ನಾನು ಬೋಲ್ಟು ಬಿಚ್ಚಿ ಕೆಳಭಾಗವನ್ನು ಇಳಿಸಿ, ಪಂಪು ತೆರೆದೆ. ಆರು ಎಸಳುಗಳಲ್ಲಿ ಎರಡು ಇರಲಿಲ್ಲ. ಹೊಸ ಚಕ್ರ ತಂದು ಕೂರಿಸಿದೆ. ನೀರು ಬಂತು, ಆದರೆ ಧಾರೆ ದಪ್ಪವಾಗಲಿಲ್ಲ. ಹೊಸದಲ್ಲವೇ, ಸರಿಯಾದೀತು ಎಂದುಕೊಂಡೆ.

ಮರುದಿನ ತಂದೆಯವರೂ ಸೋದರಮಾವನೂ ಹೋದವರು ಸಂಜೆಗೆ ಮರಳಲಿಲ್ಲ. ಎಂಜಿನ್ ಕಾದು ಪಿಸ್ಟನ್ ಕಚ್ಚಿಕೊಂಡಿತ್ತು. ತಾಯಿ ರಾತ್ರಿಯಿಡೀ ದಡದಲ್ಲಿ ಕುಳಿತಿದ್ದರು. ನನಗೆ ಒಂದು ಮಾತನ್ನೂ ಹೇಳಲಿಲ್ಲ. ಬೆಳಗ್ಗೆ ತೆಂಕಣದಿಂದ ಬಂದ ಮಲಯಾಳಿ ದೋಣಿಯೊಂದು ಅವರನ್ನು ಹಗ್ಗ ಕಟ್ಟಿ ಎಳೆದು ತಂದಿತು.

ಆ ದೋಣಿಯ ಹಿರಿಯರೊಬ್ಬರು ಎಂಜಿನ್ ಬಿಚ್ಚಿ ನೋಡಿ ಮಲಯಾಳದಲ್ಲಿ ನನ್ನನ್ನು ಕೇಳಿದ್ದು ಇಷ್ಟೇ: “ಮೋನೇ, ಮುರಿದ ತುಂಡುಗಳನ್ನು ಲೆಕ್ಕ ಹಾಕಿದೆಯಾ?” ಎರಡೂ ಎಸಳುಗಳು ನೀರಿನ ದಾರಿಯಲ್ಲಿ ಸಿಕ್ಕಿಕೊಂಡಿದ್ದವು. ತುಂಡುಗಳನ್ನು ಹುಡುಕಿ ತೆಗೆದು, ಜೋಡಿಸಿ ಆರಾಗುತ್ತದೋ ನೋಡಬೇಕು. ಹೊಸ ಚಕ್ರಕ್ಕೆ ಸಾಬೂನು ನೀರು ಹಚ್ಚಿ, ದಂಡವನ್ನು ತಿರುಗಬೇಕಾದ ದಿಕ್ಕಿಗೇ ತಿರುಗಿಸುತ್ತಾ ಗೂಡನ್ನು ಒತ್ತಬೇಕು. ಚಕ್ರವನ್ನು ಹಿಡಿದಿಡುವ ಸಣ್ಣ ಕೀಲಿಯನ್ನು ಮರೆಯಬಾರದು. ಕಡಲಿಗಿಳಿಸುವ ಮೊದಲು ನೀರು ತುಂಬಿದ ಡ್ರಮ್ಮಿನಲ್ಲಿ ಓಡಿಸಿ ನೋಡಬೇಕು. ಇಷ್ಟನ್ನೂ ಅವರು ನನ್ನ ಕೈ ಹಿಡಿದು ಕಲಿಸಿದರು. ಬಾಡಿಗೆ ಕೇಳಲಿಲ್ಲ, ಚಹಾ ಕುಡಿದು ಹೋದರು.

1956ರಲ್ಲಿ ಎಳೆದ ಗಡಿಯ ಬಗ್ಗೆ ನಮ್ಮಲ್ಲಿ ನೋವುಂಟು, ಶಾಲೆ ಕಚೇರಿಗಳಲ್ಲಿ ಕನ್ನಡಕ್ಕಾಗಿ ಕೇಳಬೇಕಾದದ್ದೂ ಉಂಟು. ಅದನ್ನು ಬಿಟ್ಟುಕೊಡಬೇಕೆಂದು ನಾನು ಹೇಳುವುದಿಲ್ಲ. ಆದರೆ ನಮ್ಮ ಅಳಿವೆ ಅವರಿಗೆ ಅಳಿ, ನಮ್ಮ ದೋಣಿ ಅವರಿಗೆ ತೋಣಿ. ಕಡಲಿನ ವಿದ್ಯೆ ಯಾವ ಪುಸ್ತಕದಲ್ಲೂ ಬಾರದೆ ಈ ಎರಡು ನುಡಿಗಳ ನಡುವೆ ಕೈಯಿಂದ ಕೈಗೆ ದಾಟಿದೆ. ಅದನ್ನೂ ನಮ್ಮ ಚರಿತ್ರೆಯಲ್ಲಿ ಬರೆದಿಡಬೇಕು. ನಾನು ಇಂದಿಗೂ ಎಂಜಿನ್ ಬಿಚ್ಚಿದರೆ ಮೊದಲು ಎಸಳು ಎಣಿಸುತ್ತೇನೆ.